ಖಳನಾಯಕನ ಹುಡುಕಾಟದಲ್ಲಿ ಓದದೇ ಉಳಿದ ನಿರ್ಣಯಗಳು

ಹವಾಮಾನ ಶೃಂಗಸಭೆಯ ವರದಿಗಳನ್ನು ಓದುವಾಗಲೆಲ್ಲ ನನಗೆ 2021ರ ನವೆಂಬರ್ 13ರಂದು ಗ್ಲಾಸ್ಗೋದಲ್ಲಿ ಮುಗಿದ ವಿಶ್ವಸಂಸ್ಥೆಯ ಹವಾಮಾನ ಸಭೆ ನೆನಪಾಗುತ್ತದೆ. ಕಲ್ಲಿದ್ದಲು ವಿದ್ಯುತ್ತನ್ನು ಹಂತಹಂತವಾಗಿ ‘ನಿಲ್ಲಿಸುವ’ ಮಾತಿದ್ದ ಕರಡನ್ನು, ಅಂತಿಮ ಗಳಿಗೆಯಲ್ಲಿ, ಭಾರತದ ಸಚಿವ ಭೂಪೇಂದರ್ ಯಾದವ್ ‘ತಗ್ಗಿಸುವ’ ಎಂದು ತಿದ್ದಿ ಓದಿದರು. ಸಭಾಧ್ಯಕ್ಷ ಅಲೋಕ್ ಶರ್ಮಾ ಕ್ಷಮೆ ಕೋರುವಾಗ ಗಂಟಲು ಕಟ್ಟಿ, ಕೆಲ ಕ್ಷಣ ಮಾತೇ ಹೊರಡಲಿಲ್ಲ. ಪಾಶ್ಚಾತ್ಯ ಮಾಧ್ಯಮಗಳಲ್ಲಿ ಹಲವು ಭಾರತವನ್ನು ಒಪ್ಪಂದ ಕೆಡಿಸಿದ ದೇಶವೆಂದು ಚಿತ್ರಿಸಿದರೆ, ನಮ್ಮಲ್ಲಿ ಅದನ್ನೇ ರಾಜತಾಂತ್ರಿಕ ಗೆಲುವೆಂದು ಸಂಭ್ರಮಿಸಿದವರಿದ್ದರು.

ಎರಡೂ ಕಡೆಯವರು ನಿರ್ಣಯವನ್ನು ಪೂರ್ತಿ ಓದಲಿಲ್ಲ ಎಂಬುದು ನನ್ನ ದೂರು. ‘ತಗ್ಗಿಸುವ’ ಎಂಬ ಪದ ಅದಕ್ಕೆ ಮೂರು ದಿನ ಮೊದಲೇ ಅಮೆರಿಕ ಮತ್ತು ಚೀನಾದ ಜಂಟಿ ಘೋಷಣೆಯಲ್ಲಿ ಬಂದಿತ್ತು. ಕಲ್ಲಿದ್ದಲನ್ನು ಹೆಸರಿಸಿದ ಆ ನಿರ್ಣಯದಲ್ಲಿ ತೈಲ ಮತ್ತು ಅನಿಲದ ಬಳಕೆಯನ್ನು ಇಳಿಸಬೇಕೆಂಬ ಮಾತೇ ಇರಲಿಲ್ಲ. ಎಲ್ಲ ಪಳೆಯುಳಿಕೆ ಇಂಧನಗಳಿಂದ ದೂರ ಸರಿಯುವ ಮಾತು ನಿರ್ಣಯದೊಳಗೆ ಬರಲು 2023ರ ದುಬೈ ಸಭೆಯವರೆಗೆ ಕಾಯಬೇಕಾಯಿತು. ಹಾಗೆಂದು ಗ್ಲಾಸ್ಗೋದಲ್ಲಿ ಮಾರ್ಷಲ್ ದ್ವೀಪಗಳು, ಫಿಜಿ ತೋಡಿಕೊಂಡ ನೋವನ್ನು ನಾನು ಕಡೆಗಣಿಸಲಾರೆ. ಸಮುದ್ರ ಮೇಲೇರಿದರೆ ನೆಲವನ್ನೇ ಕಳೆದುಕೊಳ್ಳುವವರಿಗೆ ಒಂದು ಪದ ಸಡಿಲವಾಗುವುದು ಸಣ್ಣ ಸಂಗತಿಯಲ್ಲ.

ಪದಕ್ಕೆ ಸಿಕ್ಕ ಈ ಗಮನ ಹಣದ ಲೆಕ್ಕಕ್ಕೆ ಸಿಗಲೇ ಇಲ್ಲ. ಹವಾಮಾನ ಬದಲಾವಣೆ ಎದುರಿಸಲು ಅಭಿವೃದ್ಧಿಶೀಲ ದೇಶಗಳಿಗೆ 2020ರ ವೇಳೆಗೆ ವರ್ಷಕ್ಕೆ 10,000 ಕೋಟಿ ಡಾಲರ್ ಒದಗಿಸುವುದಾಗಿ ಶ್ರೀಮಂತ ದೇಶಗಳು 2009ರಲ್ಲಿ ಕೋಪನ್‌ಹೇಗನ್‌ನಲ್ಲಿ ಮಾತು ಕೊಟ್ಟವು. ಆ ದೇಶಗಳದೇ ಸಂಸ್ಥೆಯಾದ ಒಇಸಿಡಿಯ ಪ್ರಕಾರ ಮೊತ್ತ ಗುರಿ ಮುಟ್ಟಿದ್ದು 2022ರಲ್ಲಿ, 11,590 ಕೋಟಿ ಡಾಲರ್. ಆದರೆ ಅದರಲ್ಲಿ ಸರ್ಕಾರಿ ಮೂಲದ ಹಣದ ಸುಮಾರು ಮೂರನೇ ಎರಡು ಭಾಗ ಬಂದದ್ದು ಸಾಲವಾಗಿ. ಮರಳಿ ತೀರಿಸಬೇಕಾದ ಹಣವನ್ನು ಕೊಟ್ಟ ನೆರವೆಂದು ಪೂರ್ತಿ ಎಣಿಸುವುದು ಹೇಗೆ ನ್ಯಾಯ? ಬಡತನದ ವಿರುದ್ಧ ಕೆಲಸ ಮಾಡುವ ಸ್ವಯಂಸೇವಾ ಸಂಸ್ಥೆ ಆಕ್ಸ್‌ಫ್ಯಾಮ್ ಅದೇ ವರ್ಷದ ನೆರವಿನ ನಿಜ ಮೌಲ್ಯವನ್ನು 2,800ರಿಂದ 3,500 ಕೋಟಿ ಡಾಲರ್ ಎಂದು ಅಂದಾಜಿಸಿತು. ಇಷ್ಟು ದೊಡ್ಡ ಅಂತರವಿರುವಾಗ ‘ಗುರಿ ಸಾಧನೆ’ ಎಂದಷ್ಟೇ ಶೀರ್ಷಿಕೆ ಕೊಡುವುದು ಓದುಗರಿಗೆ ಮಾಡುವ ಅನ್ಯಾಯ.

2024ರ ನವೆಂಬರ್‌ನಲ್ಲಿ ಅಜರ್‌ಬೈಜಾನ್‌ನ ಬಾಕುವಿನಲ್ಲಿ ನಡೆದ ಹವಾಮಾನ ಸಭೆಯಲ್ಲಿ ಹಣದ ಇದೇ ಜಗಳ ಮತ್ತೆ ಎದ್ದಿತು. ಈ ಸಭೆಗಳಲ್ಲಿ ನಿರ್ಣಯಗಳನ್ನು ಮತಕ್ಕೆ ಹಾಕುವುದಿಲ್ಲ. ಬಹುಮತದ ನಿಯಮದ ಬಗ್ಗೆ ದೇಶಗಳು ಇಂದಿಗೂ ಒಮ್ಮತಕ್ಕೆ ಬಾರದ ಕಾರಣ, ಯಾರೂ ಆಕ್ಷೇಪಿಸದಿದ್ದರೆ ಅಧ್ಯಕ್ಷರು ಸುತ್ತಿಗೆ ಬಡಿದು ಅಂಗೀಕಾರವೆಂದು ಸಾರುತ್ತಾರೆ. ಅಂದು ಭಾರತಕ್ಕೆ ಮಾತಿನ ಅವಕಾಶ ಸಿಗುವ ಮೊದಲೇ ಸುತ್ತಿಗೆ ಬಿದ್ದಿತ್ತು. ಆಮೇಲೆ ಎದ್ದ ಭಾರತದ ಪ್ರತಿನಿಧಿ ಚಾಂದನಿ ರೈನಾ ಹೊಸ ಹಣಕಾಸು ಗುರಿಯ ಆ ನಿರ್ಣಯವನ್ನು ದೃಷ್ಟಿಭ್ರಮೆಯೆಂದು ಕರೆದು ತಿರಸ್ಕರಿಸಿದರು. ಸಭಾಂಗಣದಲ್ಲಿ ಚಪ್ಪಾಳೆ ಕೇಳಿಬಂತು. ಅಭಿವೃದ್ಧಿಶೀಲ ದೇಶಗಳು ಕೇಳಿದ್ದು ವರ್ಷಕ್ಕೆ 1.3 ಲಕ್ಷ ಕೋಟಿ ಡಾಲರ್. ಶ್ರೀಮಂತ ದೇಶಗಳು ಮುಂದಾಳತ್ವ ವಹಿಸುವುದಾಗಿ ಒಪ್ಪಿದ್ದು 2035ರ ವೇಳೆಗೆ ವರ್ಷಕ್ಕೆ 30,000 ಕೋಟಿ ಡಾಲರ್‌ಗೆ, ಅದೂ ಸರ್ಕಾರಿ ಮತ್ತು ಖಾಸಗಿ ಮೂಲಗಳೆಲ್ಲ ಸೇರಿ.

ಈ ಬಾರಿಯೂ ಭಾರತ ಹಟಮಾರಿಯೋ, ಧೀರನೋ ಎಂಬ ಚರ್ಚೆಯೇ ಹೆಚ್ಚು ನಡೆಯಿತು. ಆ 30,000 ಕೋಟಿಯಲ್ಲಿ ಅನುದಾನ ಎಷ್ಟಿರಬೇಕು, ಸಾಲ ಎಷ್ಟಿರಬಹುದು ಎಂಬುದನ್ನು ಬಾಕು ನಿರ್ಣಯ ಗೊತ್ತುಪಡಿಸಿಲ್ಲ. ಮುಂದಿನ ಪ್ರತಿ ಸಭೆಯಲ್ಲೂ ವರದಿಗಾರರು ಮೊದಲು ಕೇಳಬೇಕಾದ ಪ್ರಶ್ನೆ ಅದು.