ನಾಯಿ ಮರ್ಯಾದಸ್ಥನಾದರೆ

ನಾಯಿಯಷ್ಟು ದೊಡ್ಡ ನಾಟಕಗಾರ ಮನೆಯಲ್ಲಿ ಇನ್ನೊಬ್ಬ ಇರುವುದಿಲ್ಲ. ನಮ್ಮ ಕರಿಯನ ಉಗುರು ಕತ್ತರಿಸೋಣ ಅಂತ ಕಟರ್ ಕೈಗೆತ್ತಿಕೊಂಡರೆ ಸಾಕು. ಇನ್ನೂ ಕಾಲು ಮುಟ್ಟಿರುವುದೇ ಇಲ್ಲ, ಆಗಲೇ ಯಾರೋ ಕತ್ತು ಹಿಸುಕುತ್ತಿದ್ದಾರೆ ಅನ್ನುವ ಹಾಗೆ ಕಿರುಚುತ್ತಾನೆ. ಸ್ನಾನ ಅಂದರೆ ಮಂಚದ ಕೆಳಗೆ ನುಗ್ಗಿ ಧರಣಿ ಕೂರುತ್ತಾನೆ. ಇದೇ ಕರಿಯ ನಿಜವಾಗಿ ಹೊಟ್ಟೆನೋವು ಬಂದ ದಿನ ತುಟಿಪಿಟಿಕ್ ಅನ್ನುವುದಿಲ್ಲ. ಒಂದು ಮೂಲೆ ಹುಡುಕಿಕೊಂಡು ಹೋಗಿ ಮಲಗಿಬಿಡುತ್ತಾನೆ.

ಅದಕ್ಕೇ ನಾಯಿ ಸಾಕುವವರು ಅದರ ಗಲಾಟೆಗಿಂತ ಅದರ ಸಭ್ಯತೆಗೆ ಜಾಸ್ತಿ ಹೆದರಬೇಕು ಅಂತ ನನಗನ್ನಿಸುತ್ತದೆ. ಬಾಗಿಲ ಬೆಲ್ ಆದರೂ ಬೊಗಳಲಿಲ್ಲ. ಚಪ್ಪಲಿ ಬಿಟ್ಟ ಜಾಗದಲ್ಲೇ ಇದೆ. ಊಟದ ಹೊತ್ತಾದರೂ ಬಟ್ಟಲು ತಳ್ಳಿಕೊಂಡು ಅಡುಗೆಮನೆಗೆ ಬರಲಿಲ್ಲ. ಮನೆಗೆ ಬಂದವರು "ಅಬ್ಬಾ, ಎಷ್ಟು ಚೆನ್ನಾಗಿ ಬೆಳೆಸಿದ್ದೀರಿ!" ಅಂತ ಹೊಗಳುತ್ತಾರೆ. ನಾವು ಮುಖ ಮುಖ ನೋಡಿಕೊಳ್ಳುತ್ತೇವೆ. ಒಂದು ಹೊತ್ತು ಊಟ ಬಿಟ್ಟರೆ ಆಕಾಶವೇನೂ ಕಳಚಿ ಬೀಳುವುದಿಲ್ಲ. ನಾಯಿಗೂ ಬೇಡ ಅನ್ನಿಸುವ ದಿನ ಇರುತ್ತದೆ. ಆದರೆ ಊಟವೂ ಬೇಡ, ಆಟವೂ ಬೇಡ, ಬಾಲ ಆಡಿಸುವುದೂ ಬೇಡ ಅಂತ ಇಡೀ ದಿನ ಬಿದ್ದುಕೊಂಡಿದ್ದರೆ ಡಾಕ್ಟರ ಹತ್ತಿರ ಹೋಗಲೇಬೇಕು. ಮರಿಯಾದರೆ ಅಷ್ಟು ಹೊತ್ತೂ ಕಾಯಬಾರದು. ಮರಿಗೆ ವಾಂತಿ ಜೊತೆಗೆ ರಕ್ತ ಬೆರೆತ ಭೇದಿ ಶುರುವಾದರೆ ಪಾರ್ವೋ ಅನ್ನುವ ವೈರಸ್ ಕಾಯಿಲೆ ಇರಬಹುದು. ಪುಟ್ಟ ಮೈಯಲ್ಲಿರುವ ನೀರು ನೋಡನೋಡುತ್ತಲೇ ಬತ್ತಿಹೋಗುತ್ತದೆ.

ಇನ್ನು ಮೂಗಿನ ವಿಚಾರ. ನಾಯಿಯ ಮೂಗು ತಣ್ಣಗೆ ಒದ್ದೆಯಾಗಿದ್ದರೆ ಆರೋಗ್ಯ, ಒಣಗಿದ್ದರೆ ಜ್ವರ ಅಂತ ಸಿಕ್ಕವರೆಲ್ಲ ಹೇಳುತ್ತಾರೆ. ಹೇಳಿ ಸುಮ್ಮನಿರುವುದಿಲ್ಲ, ಬಂದು ಮೂಗು ಮುಟ್ಟಿಯೂ ನೋಡುತ್ತಾರೆ. ಪಾಪ, ನಿದ್ದೆಯಿಂದ ಎದ್ದ ನಾಯಿಯ ಮೂಗು ಒಣಗಿಯೇ ಇರುತ್ತದೆ. ಬಿಸಿಲಿಗೆ ಮಲಗಿದ್ದರಂತೂ ಕೇಳುವುದೇ ಬೇಡ. ಒದ್ದೆ ಮೂಗಿನ ನಾಯಿಗೂ ಜೋರು ಜ್ವರ ಇರಬಹುದು. ಮೈ ಮುಟ್ಟಿ ನೋಡಿದರೂ ಗೊತ್ತಾಗುವುದಿಲ್ಲ, ಯಾಕೆಂದರೆ ನಾಯಿಯ ಮೈ ನಮ್ಮದಕ್ಕಿಂತ ಯಾವಾಗಲೂ ಬಿಸಿ. ಅದರ ಮಾಮೂಲಿ ಶಾಖ ಸುಮಾರು 101ರಿಂದ 102.5 ಡಿಗ್ರಿ ಫ್ಯಾರನ್‌ಹೀಟ್. ಓಡಿ ಬಂದಿಲ್ಲ, ಕುಣಿದಿಲ್ಲ, ಸುಮ್ನೆ ಮಲಗಿದ್ದಾಗಲೂ 103 ದಾಟಿದೆ ಅಂದರೆ ಜ್ವರ ಅನ್ನಬಹುದು. ನೋಡಬೇಕಾದರೆ ಥರ್ಮಾಮೀಟರೇ ಬೇಕು. ಅದನ್ನು ಇಡುವುದು ಬಾಯಲ್ಲಲ್ಲ, ಬಾಲದ ಕೆಳಗೆ. ಈ ಕೆಲಸ ಯಾರು ಮಾಡಬೇಕು ಅನ್ನುವ ಚರ್ಚೆ ನಮ್ಮ ಮನೆಯಲ್ಲಿ ಇನ್ನೂ ಮುಗಿದಿಲ್ಲ.

ಮೂಗಿಗಿಂತ ನಂಬಿಕಸ್ತ ಜಾಗ ಒಸಡು. ಕರಿಯನ ಒಸಡಿನ ತುಂಬಾ ಕಪ್ಪು ಮಚ್ಚೆಗಳಿವೆ. ಮೇಲ್ದವಡೆಯ ಕೋರೆಹಲ್ಲಿನ ಹಿಂದೆ ಮಾತ್ರ ಹೆಬ್ಬೆರಳಿನಷ್ಟು ಗುಲಾಬಿ ಜಾಗ ಇದೆ. ತುಟಿ ಮೇಲೆತ್ತಿ ಅಲ್ಲಿ ಬೆರಳು ಒತ್ತಿದರೆ ಬೆಳ್ಳಗಾಗುತ್ತದೆ. ಬಿಟ್ಟರೆ ಎರಡು ಸೆಕೆಂಡ್ ಆಗುವುದರೊಳಗೆ ಮತ್ತೆ ಗುಲಾಬಿ. ಹೀಗಿದ್ದರೆ ರಕ್ತ ಸರಿಯಾಗಿ ಓಡಾಡುತ್ತಿದೆ ಅಂತ. ಬಣ್ಣ ಬರಲು ತಡವಾದರೆ, ಅಥವಾ ಒಸಡೇ ಬಿಳಚಿಕೊಂಡಿದ್ದರೆ ಏನೋ ದೊಡ್ಡ ಎಡವಟ್ಟಾಗಿದೆ. ಒಳಗೆಲ್ಲೋ ರಕ್ತ ಸೋರುತ್ತಿರಬಹುದು, ಉಣ್ಣೆ ಕಚ್ಚಿ ಬಂದ ಜ್ವರ ರಕ್ತವನ್ನೇ ತಿಂದುಹಾಕಿರಬಹುದು. ಹಳದಿ ಕಂಡರೆ ಕಾಮಾಲೆ. ನೀಲಿ ಕಂಡರೆ ಉಸಿರಿನ ತೊಂದರೆ. ಬಿಸಿಲಲ್ಲಿ ಓಡಾಡಿ ಬಂದು ಕಡುಗೆಂಪಾಗಿ ಏದುಸಿರು ಬಿಡುತ್ತಿದ್ದರೆ ಮೈ ಕಾದುಹೋಗಿದೆ. ಆಗ ಮೊದಲು ಮೈಮೇಲೆ ತಣ್ಣೀರು, ಆಮೇಲೆ ಗಾಡಿ. ಒಸಡು ಪೂರ್ತಿ ಕಪ್ಪಗಿರುವ ನಾಯಿಗಳೂ ಉಂಟು, ಅವಕ್ಕೆ ಕೆಳಗಣ್ಣಿನ ರೆಪ್ಪೆ ಎಳೆದು ಒಳಗಿನ ಬಣ್ಣ ನೋಡಬೇಕು.

ಈ ತುಟಿ ಎತ್ತುವ ಅಭ್ಯಾಸವನ್ನು ನಾಯಿ ಚೆನ್ನಾಗಿದ್ದಾಗಲೇ ಮಾಡಿಸಿಕೊಂಡಿರಬೇಕು. ನೋವಲ್ಲಿರುವ ನಾಯಿ ಮನೆಯವರನ್ನೂ ಕಚ್ಚುತ್ತದೆ. ಅದಕ್ಕಿಂತ ಮುಖ್ಯ ಇನ್ನೊಂದಿದೆ. ಇದ್ದಕ್ಕಿದ್ದಂತೆ ಸ್ವಭಾವ ಬದಲಾಗಿ, ದವಡೆ ಜೋತುಬಿದ್ದು, ಜೊಲ್ಲು ಸುರಿಯುತ್ತಾ, ನುಂಗಲು ಒದ್ದಾಡುತ್ತಿರುವ ನಾಯಿಯ ಬಾಯಿಗೆ ಕೈ ಹಾಕಲೇಬಾರದು. ಗಂಟಲಲ್ಲಿ ಮೂಳೆ ಸಿಕ್ಕಿರಬಹುದು ಅಂತ ನಾವಂದುಕೊಳ್ಳುತ್ತೇವೆ, ಅದು ರೇಬೀಸ್ ಆಗಿರಬಹುದು.

ನನಗೆ ತುಂಬಾ ಇಷ್ಟವಾದ ತಪಾಸಣೆ ಅಂದರೆ ಉಸಿರು ಎಣಿಸುವುದು. ಯಾಕೆಂದರೆ ಇದರಲ್ಲಿ ಇಬ್ಬರೂ ಮಲಗಿರಬಹುದು. ಕರಿಯ ಗಾಢ ನಿದ್ದೆಯಲ್ಲಿದ್ದಾಗ ಪಕ್ಕೆ ಏರಿ ಇಳಿದರೆ ಅದು ಒಂದು. ನಿಮಿಷಕ್ಕೆ 30ರ ಒಳಗಿದ್ದರೆ ನಿಶ್ಚಿಂತೆ. ದಿನವೂ 30 ದಾಟುತ್ತಿದ್ದರೆ ಹೃದಯ, ಶ್ವಾಸಕೋಶ ಎರಡನ್ನೂ ತೋರಿಸಬೇಕು. ಹೃದಯ ಸೋತ ನಾಯಿಗಳಲ್ಲಿ ಕೆಮ್ಮಿಗಿಂತ ಮೊದಲೇ ಈ ಲೆಕ್ಕ ಏರುವುದುಂಟು. ಒಂದೇ ತೊಡಕೆಂದರೆ ಕನಸು. ಎಣಿಕೆ ಹದಿನೆಂಟಕ್ಕೆ ಬಂದಿರುತ್ತದೆ, ಅಷ್ಟರಲ್ಲಿ ಕರಿಯ ಕನಸಿನಲ್ಲಿ ಯಾವುದೋ ಬೆಕ್ಕನ್ನು ಅಟ್ಟಲು ಶುರುಮಾಡುತ್ತಾನೆ. ಕಾಲು ಪಟಪಟ, ಉಸಿರು ಬುಸಬುಸ. ಬೆಕ್ಕು ತಪ್ಪಿಸಿಕೊಳ್ಳುವವರೆಗೆ ಕಾದು ಮತ್ತೆ ಒಂದರಿಂದ ಎಣಿಸಬೇಕು.

ನೀರು ಕುಡಿಯುವುದು ಹೆಚ್ಚಾದರೆ ನಮಗೆ ಖುಷಿಯೇ ಆಗುತ್ತದೆ, ಒಳ್ಳೆಯದೇ ಅಲ್ವಾ ಅಂತ. ಯಾವಾಗಲೂ ಅಲ್ಲ. ಒಂದು ಕಿಲೋ ತೂಕಕ್ಕೆ ದಿನಕ್ಕೆ 100 ಮಿಲಿಲೀಟರ್ ಮೀರಿದರೆ, ಅಂದರೆ ಹತ್ತು ಕಿಲೋ ನಾಯಿ ಒಂದು ಲೀಟರಿಗಿಂತ ಜಾಸ್ತಿ ಕುಡಿಯುತ್ತಿದ್ದರೆ, ಮೂತ್ರಪಿಂಡ, ಸಕ್ಕರೆ ಕಾಯಿಲೆ ಇಂಥದ್ದೇನಾದರೂ ಇದೆಯಾ ಅಂತ ನೋಡಿಸಬೇಕು. ಮರಿಯಾಗದಂತೆ ಆಪರೇಷನ್ ಮಾಡಿಸಿರದ ಹೆಣ್ಣುನಾಯಿ ಬೆದೆಗೆ ಬಂದ ಕೆಲವು ವಾರಗಳ ಮೇಲೆ ಹೀಗೆ ನೀರು ಕುಡಿದು ಮಂಕಾಗಿದ್ದರೆ ಗರ್ಭಕೋಶದಲ್ಲಿ ಕೀವು ತುಂಬಿರಬಹುದು. ಕೀವು ಹೊರಗೆ ಬರದೆ ಒಳಗೇ ಉಳಿದರೆ ಇನ್ನೂ ಅಪಾಯ.

ಕಿವಿ ಒದರುವುದು, ಹಿಂಭಾಗವನ್ನು ನೆಲಕ್ಕೆ ಉಜ್ಜಿಕೊಂಡು ಹೋಗುವುದು, ಬಾಯಿ ವಾಸನೆ, ಒಂದೇ ಕಾಲನ್ನು ನೆಕ್ಕುತ್ತಿರುವುದು ಇವೆಲ್ಲ ಈ ವಾರದಲ್ಲಿ ತೋರಿಸಿದರಾಯಿತು ಅನ್ನುವ ಜಾತಿ. ಹುಲ್ಲು ತಿನ್ನುವುದು ಅಷ್ಟೂ ಅಲ್ಲ, ಆರೋಗ್ಯವಾಗಿರುವ ನಾಯಿಗಳೂ ಮೇಯುತ್ತವೆ.

ಬೆಳಗಾಗಲಿ ನೋಡೋಣ ಅನ್ನಬಾರದ ಕೆಲವು ಇವೆ. ವಾಂತಿ ಮಾಡಲು ಮತ್ತೆ ಮತ್ತೆ ಪ್ರಯತ್ನಿಸುತ್ತಿದೆ, ಏನೂ ಬರುತ್ತಿಲ್ಲ, ಹೊಟ್ಟೆ ಉಬ್ಬಿ ಬಿಗಿದಿದೆ, ಕೂರಲೂ ಆಗದೆ ನಿಲ್ಲಲೂ ಆಗದೆ ತಿರುಗಾಡುತ್ತಿದೆ ಅಂದರೆ ಜಠರ ಗಾಳಿ ತುಂಬಿ ತಿರುಚಿಕೊಂಡಿರಬಹುದು. ಆಳವಾದ ಎದೆಯ ದೊಡ್ಡ ತಳಿಗಳಿಗೆ ಇದು ಜಾಸ್ತಿ. ಕೆಲವೇ ಗಂಟೆಗಳಲ್ಲಿ ಪ್ರಾಣ ಹೋಗುತ್ತದೆ. ಕಾಲೆತ್ತಿ ನಿಂತರೂ ಮೂತ್ರದ ಒಂದು ಹನಿ ಬಾರದಿದ್ದರೂ ಹಾಗೇ ಹೊರಡಬೇಕು. ಮುಂಗಾಲು ನೆಲಕ್ಕೆ ಚಾಚಿ, ಹಿಂಭಾಗ ಎತ್ತಿಕೊಂಡು ನಿಲ್ಲುವ ಭಂಗಿಯೊಂದಿದೆ. ಆಟಕ್ಕೆ ಕರೆಯುವಾಗಲೂ ನಾಯಿ ಹಾಗೇ ಬಗ್ಗುತ್ತದೆ. ಆಗ ಬಾಲ ಆಡುತ್ತಿರುತ್ತದೆ, ಮರುಕ್ಷಣ ಜಿಗಿದು ಓಡುತ್ತದೆ. ಹೊಟ್ಟೆನೋವಿಗೆ ಬಗ್ಗಿದ್ದು ಹಾಗೇ ನಿಂತಿರುತ್ತದೆ.

ಇಷ್ಟೆಲ್ಲದರ ನಡುವೆ ಮನೆಯ ಔಷಧಿ ಡಬ್ಬಿ ತೆರೆಯುವ ಮಹಾನುಭಾವರಿಗೆ ಒಂದು ಕೈಮುಗಿತ. ನಮ್ಮ ನೋವಿನ ಮಾತ್ರೆ ನಾಯಿಗಲ್ಲ. ಐಬುಪ್ರೊಫೆನ್ ಅದರ ಹೊಟ್ಟೆಯಲ್ಲಿ ಹುಣ್ಣು ಮಾಡಿ ಮೂತ್ರಪಿಂಡಕ್ಕೂ ಕೈ ಹಾಕುತ್ತದೆ.

ಕೊನೆಗೂ ಡಾಕ್ಟರ ಹತ್ತಿರ ಕರೆದುಕೊಂಡು ಹೋದರೆ ನಾಟಕದ ಎರಡನೇ ಅಂಕ. ಮನೆಯಲ್ಲಿ ಕುಂಟುತ್ತಿದ್ದವನು ಅಲ್ಲಿ ಬಾಗಿಲು ದಾಟುತ್ತಲೇ ನೆಟ್ಟಗೆ ನಡೆಯುತ್ತಾನೆ. ಹೊಸ ಜಾಗ, ಹೊಸ ವಾಸನೆ, ಹತ್ತೆಂಟು ನಾಯಿಗಳು. ಆ ಉದ್ವೇಗದಲ್ಲಿ ನೋವು ಮರೆತೇಹೋಗುತ್ತದೆ. ಡಾಕ್ಟರು ಕರಿಯನನ್ನೊಮ್ಮೆ, ನನ್ನನ್ನೊಮ್ಮೆ ನೋಡುತ್ತಾರೆ, ರೋಗಿ ಯಾರು ಅನ್ನುವ ಹಾಗೆ. ಅದಕ್ಕೇ ಈಗ ಎಲ್ಲದಕ್ಕೂ ಫೋನಿನಲ್ಲಿ ಸಾಕ್ಷಿ ಇಟ್ಟುಕೊಳ್ಳುತ್ತೇನೆ. ಕುಂಟಿದ್ದು, ಕೆಮ್ಮಿದ್ದು, ನಡುಗಿದ್ದು ಎಲ್ಲದರ ವಿಡಿಯೊ ಇದೆ. ವಾಂತಿಯ ಬಣ್ಣ, ಭೇದಿಯ ಬಣ್ಣ ತಾರೀಖು ಸಮೇತ ಇದೆ. ಡಾಕ್ಟರಿಗೆ ಬಹಳ ಅನುಕೂಲವಾಯಿತಂತೆ. ಮೊನ್ನೆ ಮದುವೆ ಫೋಟೋ ನೋಡುತ್ತೇನೆ ಅಂತ ಫೋನ್ ಇಸಿದುಕೊಂಡ ನಮ್ಮ ಅತ್ತಿಗೆ, ವಧೂವರರ ಫೋಟೋ ಆದ ಮೇಲೂ ಒಂದು ಸಲ ಜಾಸ್ತಿ ಸರಿಸಿಬಿಟ್ಟರು.