ಎಲೆಯಿಲ್ಲದ ಮರ

ಸೀಸದ ಕಡ್ಡಿ ಅನ್ನುತ್ತೇವಲ್ಲ, ಅದರಲ್ಲಿ ಸೀಸವೇ ಇಲ್ಲ. ಇರುವುದು ಗ್ರಾಫೈಟ್ ಪುಡಿ, ಜೊತೆಗೆ ಜೇಡಿಮಣ್ಣು. ಯುದ್ಧದ ಗಲಾಟೆಯಲ್ಲಿ ಇಂಗ್ಲೆಂಡಿನ ಗ್ರಾಫೈಟ್ ಸಿಗದೆ ಹೋದಾಗ, 1795ರಲ್ಲಿ ಫ್ರಾನ್ಸಿನ ಕೋಂತೆ ಎರಡನ್ನೂ ಕಲಸಿ ಸುಟ್ಟು ಕಡ್ಡಿ ಮಾಡಿದ. ಮಣ್ಣು ಜಾಸ್ತಿಯಾದರೆ ಗೆರೆ ತೆಳು, ಕಮ್ಮಿಯಾದರೆ ಕಪ್ಪು. ದೂರದ ಬೆಟ್ಟಕ್ಕೊಂದು ಹದ, ಹತ್ತಿರದ ಮರಕ್ಕೊಂದು ಹದ.

ಹೆಸರಿನಲ್ಲೇ ಸುಳ್ಳು ಹೇಳುವ ಈ ಕಡ್ಡಿ ಕಾಡು ಬರೆಯುವಾಗ ನಿಜ ಹೇಳುತ್ತದೆಯೇ? ಅಮೆರಿಕದ ಚಿತ್ರಕಾರ ಆಶರ್ ಡ್ಯುರಾಂಡ್‌ನನ್ನು (1796-1886) ನೋಡಿ. ಮೊದಲು ಅಚ್ಚು ಹಾಕಲು ತಗಡಿನ ಮೇಲೆ ಚಿತ್ರ ಕೊರೆಯುತ್ತಿದ್ದವನು. ಅಮೆರಿಕದ ಸ್ವಾತಂತ್ರ್ಯ ಘೋಷಣೆಯ ಪ್ರಸಿದ್ಧ ಚಿತ್ರವನ್ನು ಕೊರೆದು ಮುಗಿಸಿದ್ದು 1823ರಲ್ಲಿ. ಅದರಲ್ಲಿ ನಲವತ್ತಕ್ಕೂ ಹೆಚ್ಚು ಮುಖಂಡರಿದ್ದಾರೆ. ಅಷ್ಟು ಮುಖಂಡರ ಮೂಗು ಕೊರೆದ ಮೇಲೆ ಯಾರಿಗಾದರೂ ಮರಗಳ ಮೇಲೆ ಪ್ರೀತಿ ಬರುತ್ತದೆ, ಅಲ್ವಾ? ಆಮೇಲೆ ಪುಣ್ಯಾತ್ಮ ಬೇಸಿಗೆಯಲ್ಲಿ ನ್ಯೂಯಾರ್ಕ್ ಬಿಟ್ಟು ಕ್ಯಾಟ್ಸ್‌ಕಿಲ್ ಬೆಟ್ಟಗಳ ಕಡೆ ಹೊರಡುತ್ತಿದ್ದ.

ಮೊನ್ನೆ ರಾತ್ರಿ ಅವನ ಒಂದು ಪೆನ್ಸಿಲ್ ಚಿತ್ರವನ್ನು ಫೋನಿನಲ್ಲಿ ಎರಡು ಬೆರಳಿಂದ ಹಿಗ್ಗಿಸುತ್ತಾ ಹೋದೆ. ಕಾಂಡದಲ್ಲಿ ಮೋಸವಿಲ್ಲ. ತೊಗಟೆಯ ಸೀಳು, ಗಂಟು, ಮಣ್ಣಿಂದ ಎದ್ದ ಬೇರು ಎಲ್ಲ ಇದೆ. ಮೇಲೆ ಹೋಗಿ ಎಲೆ ಹುಡುಕಿದೆ. ಒಂದಾದರೂ ಇರಬೇಕಲ್ಲ! ಇಲ್ಲ. ಇದ್ದದ್ದು ಮಕ್ಕಳು ಕಾಪಿ ಪುಸ್ತಕದಲ್ಲಿ ಅವಸರಕ್ಕೆ 'ಯ ಯ ಯ' ಅಂತ ಗೀಚಿದ ಹಾಗಿನ ಸುರುಳಿಗಳು. ಹಿಂದಿನ ಬೆಟ್ಟ ಒಂದೇ ಗೆರೆ. ಹೊಳೆ ಅಂದರೆ ಸುಮ್ನೆ ಬಿಟ್ಟ ಖಾಲಿ ಕಾಗದ. ಬೆರಳು ಬಿಟ್ಟೆ. 'ಯ'ಗಳೆಲ್ಲ ಮತ್ತೆ ಎಲೆಗಳಾದವು. ಖಾಲಿ ಕಾಗದದಲ್ಲಿ ನೀರು ಬಂದು ತಣ್ಣಗೆ ನಿಂತಿತು.

ಇದೇ ಮನುಷ್ಯ 1855ರಲ್ಲಿ ಪತ್ರಿಕೆಯೊಂದರಲ್ಲಿ ಹೊಸಬರಿಗೆ ಪತ್ರಗಳನ್ನು ಬರೆದ. ಬಣ್ಣ, ಬ್ರಷ್ಷು ಆಮೇಲಿರಲಿ, ಮೊದಲು ಪೆನ್ಸಿಲ್ ಹಿಡಿದು ಕಂಡದ್ದರ ಆಕಾರವನ್ನು ನಿಷ್ಠೆಯಿಂದ ಬರೆಯಿರಿ ಅಂತ ಅವನ ಸಲಹೆ. ನಿಷ್ಠೆಯಂತೆ! ಒಂದು ಎಲೆ ಬರೆಯದವನು.

ಆದರೂ ನೋಡೋಣ ಅಂತ ಭಾನುವಾರ ಬೆಳಿಗ್ಗೆ ಪಾರ್ಕಿನ ಹೊಂಗೆ ಮರದ ಎದುರು ಪೆನ್ಸಿಲ್ ಹಿಡಿದು ಕೂತೆ. ನಾನು ನಿಷ್ಠಾವಂತ, ಎಲೆ ಎಲೆಯಾಗಿ ಶುರು ಮಾಡಿದೆ. ಒಂದು ಗಂಟೆಯಲ್ಲಿ ಒಂದು ಟೊಂಗೆ, ನಲವತ್ತು ಎಲೆ. ಮರ ಹೋಗಿ ಹೂಕೋಸು ಆಗಿತ್ತು. ಗಾಳಿಗೆ ಎಲೆಗಳು ಜಾಗ ಬದಲಿಸುತ್ತಿದ್ದವು, ನಾನು ರಬ್ಬರು ಉಜ್ಜುತ್ತಿದ್ದೆ. ಕಾವಲುಗಾರರು ಹಿಂದಿನಿಂದ ಬಗ್ಗಿ ಪುಸ್ತಕ ನೋಡಿದರು. ಮರ ನೋಡಿದರು. ಮತ್ತೆ ಪುಸ್ತಕ ನೋಡಿದರು.

"ಹತ್ತು ಗಂಟೆಗೆ ಗೇಟ್ ಹಾಕ್ತೀವಿ ಸಾರ್," ಅಂದರು.