21 ದಿನದ ಕಾವು

ಮೂರು ದಿನ ಆಯ್ತು, ಅಡುಗೆಮನೆಯಿಂದ ಆ ವಾಸನೆ ಇನ್ನೂ ಹೋಗಿಲ್ಲ. ಸಿಂಕ್ ಎರಡು ಸಲ ತಿಕ್ಕಿದೆ. ನಿಂಬೆ ವಾಸನೆಯದ್ದು ಏನೋ ಸಿಂಪಡಿಸಿದೆ. ಈಗ ಕೊಳೆತ ಮೊಟ್ಟೆಯ ಜೊತೆ ನಿಂಬೆಹಣ್ಣೂ ಸೇರಿಕೊಂಡಿದೆ, ಅಷ್ಟೇ.

ಶುರು ಮಾಡಿದ್ದು ಮಗಳು. ಫ್ರಿಜ್ ಬಾಗಿಲು ತೆಗೆದು ನಿಂತವಳು, "ಅಮ್ಮಾ, ಇದರೊಳಗೆ ಮರಿ ಇರುತ್ತಾ?" ಅಂದಳು. ಇಲ್ಲ ಅಂದಿದ್ದರೆ ಅಲ್ಲಿಗೇ ಮುಗೀತಿತ್ತು. ನಾನು ಜಾಣೆ ಅಲ್ವಾ, "ಕಾವು ಕೊಟ್ಟರೆ ಆಗುತ್ತೆ ಪುಟ್ಟಿ" ಅಂದುಬಿಟ್ಟೆ.

ಆಮೇಲೆ ಕೂತು ಓದಿದ್ದೇ ಓದಿದ್ದು. ಶಾಖ 37.5 ಡಿಗ್ರಿ ಇರಬೇಕು. ಗಾಳಿಯಲ್ಲಿ ತೇವ ಇರಬೇಕು. ದಿನಕ್ಕೆ ಕಡಿಮೆ ಅಂದ್ರೂ 3 ಸಲ ಮೊಟ್ಟೆ ತಿರುಗಿಸಬೇಕು, ಇಲ್ಲದಿದ್ದರೆ ಒಳಗಿನದ್ದು ಚಿಪ್ಪಿಗೆ ಅಂಟಿಕೊಳ್ಳುತ್ತೆ. ಕೊನೆಯ 3 ದಿನ ಮುಟ್ಟಲೇಬಾರದು. ಥರ್ಮೋಕೋಲ್ ಡಬ್ಬ ಬಂತು, ಥರ್ಮಾಮೀಟರ್ ಬಂತು, ಒಂದು ಬಟ್ಟಲು ನೀರು ಕೂತಿತು. ಮೊದಲ ರಾತ್ರಿ ಎಲ್‌ಇಡಿ ಬಲ್ಬ್ ಹಾಕಿದ್ದೆ. ಬೆಳಕು ಭರ್ಜರಿ, ಬಿಸಿ ಮಾತ್ರ ಇಲ್ಲ. ಹಳೇ ಕಾಲದ, ಮುಟ್ಟಿದರೆ ಚುರ್ ಅನ್ನೋ ಬಲ್ಬ್‌ಗಾಗಿ ನನ್ನ ಗಂಡ ಅಟ್ಟ ಪೂರ್ತಿ ಜಾಲಾಡಿದರು.

6 ಮೊಟ್ಟೆ. ಒಂದು ಕಡೆ ಪೆನ್ಸಿಲ್‌ನಲ್ಲಿ 'ಅ', ಇನ್ನೊಂದು ಕಡೆ 'ಆ'. ಬೆಳಗಿನ ಜಾವ 5ಕ್ಕೆ ಅಲಾರಾಂ.

ಇಷ್ಟೆಲ್ಲ ನಡೀತಿರುವಾಗ ಅತ್ತೆ ಏನು ಮಾಡ್ತಿದ್ದರು ಅಂತ ಹೇಳಲೇಬೇಕು. ಏನೂ ಮಾಡ್ತಿರಲಿಲ್ಲ. ಡಬ್ಬದ ಎದುರು ಕುರ್ಚಿ ಹಾಕಿಕೊಂಡು ನೋಡ್ತಿದ್ದರು. ಹತ್ತಿಪ್ಪತ್ತು ಕೋಳಿ ಇದ್ದ ಮನೆಯಲ್ಲಿ ಬೆಳೆದವರು ಅವರು. ಅವರದ್ದೊಂದು ಅಭ್ಯಾಸ: ಯಾವುದನ್ನೂ ನೇರವಾಗಿ ಹೇಳುವುದಿಲ್ಲ. "ಸರಿ ಇದೆಯಾ ಅತ್ತೆ?" ಅಂದರೆ, "ಮಾಡಮ್ಮ ಮಾಡು, ನೀನು ಓದಿದವಳು" ಅಂತಾರೆ. ನೀರು ಬದಲಾಯಿಸಿದರೂ ಅದೇ, ಬಲ್ಬ್ ಸ್ವಲ್ಪ ಮೇಲೆತ್ತಿದರೂ ಅದೇ. 7ನೇ ದಿನ ರಾತ್ರಿ ಲೈಟ್ ಎಲ್ಲ ಆರಿಸಿ, ಮೊಟ್ಟೆಯ ಹಿಂದೆ ಟಾರ್ಚ್ ಹಿಡಿದು, ಕೆಂಪು ನರ ಕಾಣುತ್ತಾ ಅಂತ ನಾನು, ಮಗಳು, ಗಂಡ ಮೂವರೂ ತಲೆಗೆ ತಲೆ ತಾಗಿಸಿ ನೋಡಿದೆವು. ಮಗಳಿಗೆ ಕಂಡಿತು. ಅವಳಿಗೆ ಕಂಡಿದ್ದರಿಂದ ನನಗೂ ಕಂಡಿತು. ಕತ್ತಲೆಯಿಂದ ಒಂದು ದನಿ: "ಓದಿದವರಿಗೆ ಕಾಣುತ್ತೆ."

10ನೇ ದಿನ ಇನ್ನೊಂದು ಮಾತು ಹೇಳಿದರು. "ಕಾವಿಗೆ ಕೂತ ಹೇಂಟೆಗೆ ಕಲ್ಲು ಇಟ್ಟರೂ ಎದ್ದು ಹೋಗಲ್ಲ ನೋಡು." ಎಂಥಾ ತಾಯಿ ಕರುಳು ಅಂತ ನಾನು ಕಣ್ಣು ಒರೆಸಿಕೊಂಡೆ. ಆ ಹೇಂಟೆ ನಾನೇ ಅಂತ ಹೊಳೆಯಲಿಲ್ಲ.

21ನೇ ದಿನ ಮಗಳು ಶೂ ಡಬ್ಬದಲ್ಲಿ ತನ್ನ ಹಳೇ ಫ್ರಾಕ್ ಹಾಸಿಟ್ಟಿದ್ದಳು. ಮೊಟ್ಟೆಗೆ ಕಿವಿ ಹಚ್ಚಿ, "ಟಿಕ್ ಟಿಕ್ ಅಂತಿದೆ ಅಮ್ಮಾ" ಅಂದಳು. ನಾನೂ ಹಚ್ಚಿದೆ. ಮೊಟ್ಟೆ ಬೆಚ್ಚಗಿತ್ತು. ಕೇಳಿಸಿದ್ದು ಅವಳ ಉಸಿರೋ, ಗೋಡೆ ಗಡಿಯಾರವೋ ಗೊತ್ತಿಲ್ಲ, ತುಂಬ ಹೊತ್ತು ಹಾಗೇ ಕೂತಿದ್ದೆವು. ಅವಳ ತಲೆ ನನ್ನ ತೋಳಿನ ಮೇಲೆ ಅಷ್ಟು ಹೊತ್ತು ಇದ್ದು ಬಹಳ ದಿನ ಆಗಿತ್ತು.

23ನೇ ದಿನ ಅತ್ತೆ ಕೇಳಿದರು. "ಅಲ್ಲಮ್ಮ, ಈ ಮೊಟ್ಟೆ ಇಟ್ಟ ಕೋಳಿ ಜೊತೆ ಹುಂಜ ಇತ್ತಾ?"

ಇರಲಿಲ್ಲ. ಮೊಟ್ಟೆಗಾಗಿಯೇ ಸಾಕುವ ಫಾರಂಗಳಲ್ಲಿ ಹುಂಜ ಇಟ್ಟುಕೊಳ್ಳುವುದೇ ಇಲ್ಲ. ಹುಂಜ ಇಲ್ಲದಿದ್ದರೂ ಹೇಂಟೆ ಮೊಟ್ಟೆ ಇಡುತ್ತೆ, ಮರಿ ಮಾತ್ರ ಆಗುವುದಿಲ್ಲ. ನಾನು ಓದಿದ್ದರ ಮೊದಲ ಸಾಲಿನಲ್ಲೇ ಅದಿತ್ತು. ಅದನ್ನು ಹಾರಿಸಿ ನೇರ ಡಿಗ್ರಿಗೆ ಹೋಗಿದ್ದೆ.

"ಮೊದಲೇ ಹೇಳಬಾರದಿತ್ತಾ ಅತ್ತೆ?"

"ನೀನು ಕೇಳಿದ್ದು ಬಲ್ಬ್ ಬಗ್ಗೆ."

ಸಿಟ್ಟಿಗೆ ಆರನ್ನೂ ಒಟ್ಟಿಗೇ ಎತ್ತಿಕೊಂಡು ಹೊರಟೆ. ಸಿಂಕ್ ಹತ್ತಿರ 'ಆ' ಮೇಲಿದ್ದ ಒಂದು ಜಾರಿತು. ಢಬ್ ಅಂತು. ಮಿಕ್ಕಿದ್ದು ಮೊದಲೇ ಹೇಳಿದ್ದೇನೆ.

ಮಗಳಿಗೆ ಬೇಜಾರಿಲ್ಲ. ಶೂ ಡಬ್ಬ ಹಾಗೇ ಇಟ್ಟಿದ್ದಾಳೆ, ಹುಂಜ ಎಲ್ಲಿ ಸಿಗುತ್ತೆ ಅಂತ ಅಜ್ಜಿಯನ್ನು ಕೇಳ್ತಿದ್ದಾಳೆ. ಇವತ್ತು ಬೆಳಗಿನ ಜಾವ 5ಕ್ಕೆ ಅಲಾರಾಂ ಹೊಡೀತು, ನಾನು ಎದ್ದು ಅರ್ಧ ದಾರಿ ಹೋಗಿಯೂಬಿಟ್ಟಿದ್ದೆ. ಅತ್ತೆ ಎಚ್ಚರವಾಗೇ ಇದ್ದರು. ಏನೂ ಹೇಳಲಿಲ್ಲ.